ಮೂವತ್ತಾರು ಚೀಲ ಮಣ್ಣಿನ ವೈಕುಂಠ ಸಮಾರಾಧನೆ

ವೆಲ್ಲಿಂಗ್ಟನ್ನಿನ ಗಾಳಿಗೆ ವಾರಕ್ಕೊಂದು ಕೊಡೆ ಅರ್ಪಿಸುತ್ತಿರುವ ಕುಮಾರಿ ಚೈತನ್ಯಾ ಅವರ ದಿವ್ಯ ಸನ್ನಿಧಿಗೆ, ಕೆಸರಿನಲ್ಲಿ ಮಂಡಿಯೂರಿ ಚಿರಂತನನು ಮಾಡಿಕೊಳ್ಳುವ ಬಿನ್ನಹ.

ನೋಡು, ಶುರುವಾಯ್ತು. ಈ ಸಾಲು ಬೇಡ ಅಂತ ಮೂರು ಹಾಳೆ ಹರಿದು ಹಾಕಿದೆ. ನಾಲ್ಕನೆಯದರಲ್ಲೂ ಇದೇ ಬಂತು. ಹೆದರಿಕೆಯಾದಾಗಲೆಲ್ಲ ನನ್ನ ಬಾಯಿಗೆ ಹರಿಕಥೆ ದಾಸರ ಭಾಷೆ ಬಂದುಬಿಡುತ್ತದೆ, ನಿನಗೆ ಗೊತ್ತು. ಇರಲಿ. ದಯವಿಟ್ಟು ಕೊನೆಯತನಕ ಓದು. ಜೊತೆಗೊಂದು ಮಡಿಚಿದ ಕಾಗದ ಇಟ್ಟಿದ್ದೇನೆ, ಅದನ್ನು ಮಾತ್ರ ಈಗಲೇ ಬಿಡಿಸಬೇಡ.

ಹೋದ ಸೋಮವಾರ ಊಟದ ಹೊತ್ತಿಗೆ ಬದರಿನಾಥ್ ಸರ್ ಮೊಸರನ್ನದ ಡಬ್ಬಿ ಪಕ್ಕಕ್ಕೆ ಸರಿಸಿ, ನಿನ್ನ ಉತ್ತರವನ್ನು ನನಗೆ ಓದಿ ಹೇಳಿದರು. (ನಮ್ಮ ಮಣ್ಣಿನ ಲ್ಯಾಬಿಗೆ ಲ್ಯಾಬೇ ಅವರನ್ನು 'ಬದ್ರಿ' ಅನ್ನುತ್ತದೆ. ನಮ್ಮಿಬ್ಬರ ನಾಲಿಗೆಗೆ ಮಾತ್ರ 'ಸರ್' ಅಂಟಿಕೊಂಡಿದ್ದು ಬಿಡಲೇ ಇಲ್ಲ.) ತಾರನಾಕಿ ಬೆಟ್ಟದ ಕಾಡಿನಲ್ಲಿ ಮತ್ತೊಮ್ಮೆ ಹನ್ನೆರಡು ಗುಂಡಿ ತೋಡಲು ಒಪ್ಪಿಗೆ ಸಿಕ್ಕಿದೆ, ಬಂದು ನಿನ್ನ ಅರ್ಧ ಉಳಿದ ಸಂಶೋಧನೆ ಮುಗಿಸು ಅಂತ ಅವರು ಕರೆದದ್ದಕ್ಕೆ ನೀನು ಬರೆದದ್ದು ಒಂದೇ ಸಾಲು. "ಬ್ಯಾಡ್ರಿ ಸರ್, ನನ್ನ ಕೈ ಮ್ಯಾಲೆ ನನಗ ನಂಬಿಗಿ ಉಳದಿಲ್ಲ." ಸರ್ ಕನ್ನಡಕ ತೆಗೆದು ಒರೆಸಿಕೊಂಡರು. "ಎರಡು ವರ್ಷ ಆಯ್ತಲ್ಲೋ, ಈ ಹುಡುಗಿ ಇನ್ನೂ ಆ ಮಣ್ಣು ಹೊತ್ಕೊಂಡೇ ಓಡಾಡ್ತಿದ್ದಾಳೆ" ಅಂದರು. ತಿಂಗಳ ಕೊನೆಯವರೆಗೆ ಕಾಯುತ್ತಾರಂತೆ. ಆಮೇಲೆ ಆ ಜಾಗ ಬೇರೆಯವರಿಗೆ. ನಾನು ಚಪಾತಿ ಡಬ್ಬಿಗೆ ಮುಚ್ಚಳ ಹಾಕಿ ಎದ್ದೆ.

ಆ ಬೆಟ್ಟದ ಮೊದಲ ದಿನ ನೆನಪಿದೆಯಾ? ಮರಗಳೆಲ್ಲ ಪಾಚಿಯ ಕಂಬಳಿ ಹೊದ್ದು ನಿಂತಿದ್ದವು. ಮಳೆ ನಿಂತಿದ್ದರೂ ಕಾಡು ಇನ್ನೂ ತೊಟ್ಟಿಕ್ಕುತ್ತಿತ್ತು. ಆ ಬೆಟ್ಟವನ್ನು ತಮ್ಮ ಪೂರ್ವಜ ಅಂತಲೇ ಕರೆಯುವ ಮಾವೋರಿ ಹಿರಿಯರೊಬ್ಬರು ಬಂದು, ಗುಂಡಿಗೆ ಸಲಿಕೆ ಹಾಕುವ ಮುಂಚೆ ಪ್ರಾರ್ಥನೆ ಹೇಳಿದರು. ತೆಗೆದ ಮಣ್ಣನ್ನು ತೆಗೆದ ಕ್ರಮದಲ್ಲೇ ಹಿಂದಕ್ಕೆ ತುಂಬಬೇಕು, ಒಯ್ಯುವುದನ್ನು ವ್ಯರ್ಥ ಮಾಡಬಾರದು ಅಂದರು. ನೀನು ಅವರ ಕೈ ಹಿಡಿದು ಮಾತು ಕೊಟ್ಟೆ. ನಾನು ಹಿಂದೆ ನಿಂತು, ಶ್ರಾದ್ಧದ ಪುರೋಹಿತರ ಹಾಗೆ ಗಂಭೀರವಾಗಿ ತಲೆಯಾಡಿಸುತ್ತಿದ್ದೆ.

ಗುಂಡಿಯ ಗೋಡೆಯಲ್ಲಿ ಮೇಲೆ ಬೇರು ತುಂಬಿದ ಕಪ್ಪು ಮಣ್ಣು, ಅದರಡಿ ಬೆಲ್ಲ ಹಾಕಿದ ಗಿಣ್ಣಿನ ಬಣ್ಣದ್ದು. ಅದರ ಕೆಳಗೆ ಮತ್ತೊಂದು ಕಪ್ಪು ಗೆರೆ. ಈ ಜ್ವಾಲಾಮುಖಿ ಬೆಟ್ಟ ಸಿಡಿದು ಬೂದಿ ಬಿದ್ದಾಗ ಹೂತುಹೋದ ಹಳೆಯ ಕಾಡಿನ ನೆಲ ಅದು ಅಂದೆ ನೀನು. ಕಾಡಿನ ಮೇಲೆ ಬೂದಿ, ಬೂದಿಯ ಮೇಲೆ ಕಾಡು. ನನ್ನ ಅಂಗೈ ಮೇಲೆ ಒಂದು ಹೆಂಟೆ ಇಟ್ಟೆ. ಇಡ್ಲಿಯಷ್ಟು ಹಗುರ. "ಒಣಗೇತಿ ಅನಸ್ತದಲ್ಲ? ಉಜ್ಜು." ನಾನು ಹೆಬ್ಬೆರಳಿನಿಂದ ಉಜ್ಜಿದೆ. ಒಂದು ಕ್ಷಣ ಪುಡಿಪುಡಿಯಾಗಿದ್ದದ್ದು ಇದ್ದಕ್ಕಿದ್ದಂತೆ ಸಾಬೂನಿನಂತೆ ಜಾರಿತು, ಬೆರಳ ಸಂದಿಯಿಂದ ನೀರು ಇಳಿಯಿತು. "ತನ್ನ ತೂಕಕ್ಕಿಂತ ಹೆಚ್ಚು ನೀರು ಹೊಟ್ಟ್ಯಾಗ ಇಟ್ಕೊಂಡು, ಏನೂ ಇಲ್ಲದವರಂಗ ಕುಂತಿರ್ತದ ನೋಡು. ನಿನ್ನಂಗಲ್ಲ, ಎಲ್ಲಾ ಬಾಯಾಗಿಂದ ಸುರದು ಹೋಗಾಕ" ಅಂತ ನೀನು ನಕ್ಕೆ.

ನಾನು ಮೈಸೂರಿನ ಕೆಂಪು ಮಣ್ಣಿನಲ್ಲಿ ಪಾಠ ಕಲಿತವನು. ನಮ್ಮಲ್ಲಿ ಮಣ್ಣು ಅಂದರೆ ಪೇಪರ್ ಹಾಸಿ, ಫ್ಯಾನ್ ಕೆಳಗೆ ಒಣಗಿಸಿ, ಕುಟ್ಟಿ, ಜರಡಿ ಹಿಡಿಯುವುದು. ಲ್ಯಾಬಿಗೆ ಬಂದ ಮೊದಲ ವಾರ ಪೇಪರ್ ಹಾಸಿದವನ ಕೈ ಮೇಲೆ ನೀನು ಫಟ್ಟಂತ ಹೊಡೆದೆ. "ಲೇ ಹುಚ್ಚಪ್ಯಾಲಿ! ಈ ಬೂದಿಮಣ್ಣು ಒಣಗಿಸಿದಿ ಅಂದ್ರ ಮುಗೀತು. ಆಮ್ಯಾಲ ಹತ್ತು ಕೊಡ ನೀರು ಸುರದ್ರೂ ಮೊದಲಿನಂಗ ಆಗಂಗಿಲ್ಲ." ಅದಕ್ಕೇ ನಿನ್ನ ಚೀಲಗಳು ಯಾವಾಗಲೂ ತಂಪು ಕೋಣೆಯಲ್ಲೇ. ಹನ್ನೆರಡು ಗುಂಡಿ, ಗುಂಡಿಗೆ ಮೂರು ಆಳ, ಮೂವತ್ತಾರು ಚೀಲ. ಒಂದೊಂದರ ಮೇಲೂ ನಿನ್ನ ಮುದ್ದಾದ ಅಕ್ಷರ.

ಈಗ ಬರೆಯಬೇಕಾದದ್ದನ್ನು ಬರೆಯುತ್ತೇನೆ.

ಕ್ರಿಸ್‌ಮಸ್ ರಜೆಯ ಹಿಂದಿನ ದಿನ ಬೆಳಗ್ಗೆ ನೀನು ಆ ಚೀಲಗಳನ್ನೆಲ್ಲ ಹೊರಗೆ ತಂದು, ತೂಗಿ, ತಂಪು ಕೋಣೆಗೆ ವಾಪಸ್ ಇಟ್ಟು ಊಟಕ್ಕೆ ಹೋದೆ. ಇಟ್ಟೆ, ಚೈತನ್ಯಾ. ನಾನು ನೋಡಿದ್ದೇನೆ. ನೀನು ಹೋದ ಮೇಲೆ ಮೂವತ್ತಾರನ್ನೂ ಹೊತ್ತು ಒಣಗಿಸುವ ಪೆಟ್ಟಿಗೆಯಲ್ಲಿ, ಅದೇ ಆ ದೊಡ್ಡ ಓವನ್ನಿನಲ್ಲಿ, ಬಚ್ಚಿಟ್ಟವನು ನಾನು. ಪೆಟ್ಟಿಗೆಯ ಸ್ವಿಚ್ ಆಫ್ ಆಗಿತ್ತು, ಒಳಗೆ ತಣ್ಣಗಿತ್ತು. ನೀನು ಬಂದು ಕೂಗಾಡಿದರೆ ಐದು ನಿಮಿಷದಲ್ಲಿ ತೆಗೆದುಕೊಡುವುದು ಅಂತ. ಖಾಲಿ ಕಪಾಟಿಗೆ ಒಂದು ಮರಣ ಪತ್ರಿಕೆ ಅಂಟಿಸಿದೆ: "ನಮ್ಮ ಪೂಜ್ಯ ಮೂವತ್ತಾರು ಮಣ್ಣುಗಳು ಇಂದು ದೈವಾಧೀನರಾದರೆಂದು ತಿಳಿಸಲು ವಿಷಾದಿಸುತ್ತೇವೆ. ವೈಕುಂಠ ಸಮಾರಾಧನೆಗೆ ತಾವು ಆಗಮಿಸಿ, ಮೃತರ ಆತ್ಮಕ್ಕೆ ಶಾಂತಿ ಕೋರಬೇಕು. ಮೃತರು ಪೆಟ್ಟಿಗೆಯಲ್ಲಿದ್ದಾರೆ. ದುಃಖತಪ್ತರು: ಚಿರಂತನ್ ಮತ್ತು ಎರೆಹುಳು ಬಂಧುವರ್ಗ."

ನೀನು ಊಟದಿಂದ ವಾಪಸ್ ಬರಲಿಲ್ಲ. ನಿನಗೆ ಜ್ವರ ಬಂದು ಹಾಗೇ ಮನೆಗೆ ಹೋದೆ ಅಂತ ನನಗೆ ಆಮೇಲೆ ಗೊತ್ತಾಯಿತು. ಐದರವರೆಗೆ ಕಾದೆ. ಆಕ್ಲೆಂಡಿನ ಬಸ್ಸಿಗೆ ಹೊತ್ತಾಯಿತು, ಅಲ್ಲಿನ ಬಾಟನಿ ಡೌನ್ಸ್ ಬಡಾವಣೆಯಲ್ಲಿ ಅಕ್ಕ ಬಿಸಿಬೇಳೆಬಾತ್ ಮಾಡಿಟ್ಟು ಕಾಯುತ್ತಿದ್ದಳು. ಓಡಿದೆ. ಬಸ್ಸಿನಲ್ಲಿ ನೆನಪಾಗಿದ್ದರೆ ಫೋನ್ ಮಾಡುತ್ತಿದ್ದೆ ಅಂತ ಎರಡು ವರ್ಷ ನನಗೆ ನಾನೇ ಹೇಳಿಕೊಂಡೆ. ಸುಳ್ಳು. ಬಸ್ಸಿನಲ್ಲೇ ನೆನಪಾಗಿತ್ತು. ಸ್ವಿಚ್ ಆಫ್ ಆಗಿದೆಯಲ್ಲ, ಏನಾಗುತ್ತೆ ಬಿಡು ಅಂದುಕೊಂಡೆ. ಆದರೆ ನಾನು ಹೊರಟ ಮೇಲೆ ಪಕ್ಕದ ಕೋಣೆಯವರು ತಮ್ಮ ಕಲ್ಲುಪುಡಿ ಒಣಗಿಸಲು ಮೇಲಿನ ಅರೆಯಲ್ಲಿಟ್ಟು ಸ್ವಿಚ್ ಹಾಕಿ ಹೋಗಿದ್ದರು. ಅವರದೇನೂ ತಪ್ಪಿಲ್ಲ, ಪೆಟ್ಟಿಗೆ ಇರುವುದೇ ಅದಕ್ಕೆ.

ಜನವರಿಯಲ್ಲಿ ಎಲ್ಲರಿಗಿಂತ ಮೊದಲು ಬಂದವನು ನಾನು. ಪೆಟ್ಟಿಗೆಯ ಬಾಗಿಲು ಬೆಚ್ಚಗಿತ್ತು. ಒಂದು ಚೀಲಕ್ಕೆ ಕೈ ಹಾಕಿದೆ. ಗಿಣ್ಣು ಹೋಗಿ ರವೆ ಆಗಿತ್ತು. ತಂಪು ಕೋಣೆಗೆ ಹೋದರೆ ನನ್ನ ಮರಣ ಪತ್ರಿಕೆ ಹಾಗೇ ಅಂಟಿಕೊಂಡಿತ್ತು. ಕಿತ್ತು ಜೇಬಿಗೆ ಹಾಕಿಕೊಂಡೆ. ಬಚ್ಚಿಟ್ಟದ್ದು ತುಂಟತನ. ಕಿತ್ತದ್ದು ತುಂಟತನವಲ್ಲ.

ಒಂಬತ್ತಕ್ಕೆ ನೀನು ಬಂದೆ, ಹಿಂದೆಯೇ ಸರ್. ಯಾರಮ್ಮ ಇಲ್ಲಿಟ್ಟವರು ಅಂತ ಅವರು ಮೆಲ್ಲಗೆ ಕೇಳಿದರು. ನೀನು ಆ ಚೀಲಗಳನ್ನೇ ನೋಡುತ್ತಾ ನಿಂತೆ. ಆಮೇಲೆ ಅಂದೆ: "ನಾನೇ ಇಟ್ಟಿರಬೇಕ್ರಿ ಸರ್. ಜ್ವರದಾಗ ನೆಪ್ಪಿಲ್ಲ." ನಾನು ಮೂರಡಿ ದೂರದಲ್ಲಿ ನಿಂತಿದ್ದೆ. ಕಾಗದ ಜೇಬಿನಲ್ಲಿ ಚರಪರ ಅನ್ನುತ್ತಿತ್ತು. ಎಲ್ಲದಕ್ಕೂ ಒಂದು ಮಾತು ಇರುತ್ತಿದ್ದ ಬಾಯಿ ಅವತ್ತು ಮುಚ್ಚಿಕೊಂಡಿತ್ತು. ಆ ಹಿರಿಯರ ಮುಂದೆ ಮತ್ತೆ ಹೋಗಿ ನಿಲ್ಲುವ ಮುಖ ನನಗಿಲ್ಲ ಅಂತ ಮಾರ್ಚಿನಲ್ಲಿ ನೀನು ಎಲ್ಲ ಬಿಟ್ಟು ಹೊರಟೆ. ನಿನ್ನ ಸಾಮಾನುಗಳನ್ನು ಕಾರಿಗೆ ಏರಿಸಿಕೊಟ್ಟವನೂ ನಾನೇ. "ನೀ ಒಬ್ಬಾಂವ ಒಳ್ಳೇಂವ ಇದ್ದಿ" ಅಂದೆ. ಅದೊಂದು ಮಾತನ್ನು ನೀನು ಹೇಳದೆ ಹೋಗಿದ್ದರೆ!

ಹದಿನೇಳನೇ ಚೀಲದಿಂದ ಒಂದಷ್ಟು ಮಣ್ಣು ತಂದು ನನ್ನ ಕಿಟಕಿಯಲ್ಲಿ ಬಟ್ಟಲಿಗೆ ಹಾಕಿಟ್ಟಿದ್ದೇನೆ. ದಿನಾ ನೀರು ಹಾಕುತ್ತೇನೆ. ಫ್ಲಾಟ್‌ಮೇಟ್ ಅರ್ಜುನ್ ಅದನ್ನು ಯಾವುದೋ ವ್ರತ ಅಂದುಕೊಂಡು ಕಾಲು ತಾಗದ ಹಾಗೆ ಓಡಾಡುತ್ತಾನೆ. ಉಜ್ಜಿದರೆ ಮರಳಿನ ಹಾಗೆ ಕರಕರ ಅನ್ನುತ್ತದೆ, ಜಾರುವುದಿಲ್ಲ. ನೀನು ಹೇಳಿದ್ದು ನಿಜ. ಅದಕ್ಕೇ ಕ್ಷಮಿಸು ಅಂತ ಕೇಳಲು ಈ ಪತ್ರ ಬರೆಯುತ್ತಿಲ್ಲ. ನಿನ್ನ ಕೈ ಒಂದು ಚಿಟಿಕೆ ಮಣ್ಣನ್ನೂ ಒಣಗಿಸಿಲ್ಲ ಅನ್ನುವುದು ನಿನಗೆ ತಿಳಿಯಬೇಕು, ಅಷ್ಟೇ.

ಇವತ್ತು ಬೆಳಗ್ಗೆ ಸರ್‌ಗೆ ಎಲ್ಲ ಹೇಳಿದೆ. ಬೈಯುತ್ತಾರೆ ಅಂದುಕೊಂಡಿದ್ದೆ. "ನನಗೆ ಹೇಳೋದು ಸುಲಭ ಇತ್ತು. ಹೋಗು, ಕಷ್ಟದ ಕಡೆ ಹೇಳು" ಅಂದರು. ಶನಿವಾರ ಬೆಟ್ಟದ ಹಿರಿಯರ ಹತ್ತಿರವೂ ಹೋಗುತ್ತಿದ್ದೇನೆ. ಮಾತು ಮುರಿದವಳು ನೀನಲ್ಲ ಅಂತ ಅವರಿಗೂ ಗೊತ್ತಾಗಲಿ. ಹೊಸ ಗುಂಡಿಗಳಲ್ಲಿ ನನ್ನನ್ನು ಸಲಿಕೆ ಹಿಡಿಯಲು ಬಿಡುವುದೋ, ಬೆಟ್ಟದ ಬುಡದಿಂದಲೇ ಓಡಿಸುವುದೋ, ಅದು ಆ ಕೆಲಸದ ಯಜಮಾನಿ, ಅಂದರೆ ನೀನು, ಹೇಳಬೇಕಾದ ಮಾತು. ನೀನು ತಿಂಗಳ ಕೊನೆಯೊಳಗೆ ಸರ್‌ಗೆ ಒಂದು ಸಾಲು ಬರೆದರೆ ಸಾಕು. ನನಗೆ ಬರೆಯಬೇಕಾಗಿಲ್ಲ.

ಅಲ್ಲಿ ಮೇಲೆ ಈಗಲೂ ಮಳೆಯಂತೆ. ನಿನ್ನ ಹೆಬ್ಬೆರಳಿಗೆ ಆ ಮಣ್ಣು ಮೊದಲಿನ ಹಾಗೇ ನೀರು ಬಿಡಲಿ.

ಈಗ ಆ ಮಡಿಚಿದ ಕಾಗದ ಬಿಡಿಸು. ಎರಡು ವರ್ಷ ತಡವಾಗಿ ನಿನ್ನ ಕೈ ಸೇರುತ್ತಿದೆ, ಅಂಟಿಸಿದ ಟೇಪು ಕೂಡ ಹಾಗೇ ಇದೆ. ಅದರ ಕೆಳಗಿನ ರುಜು ಅವತ್ತು ತಮಾಷೆಗೆ ಹಾಕಿದ್ದು. ಇವತ್ತು ಎರೆಹುಳುಗಳನ್ನು ಬಿಟ್ಟು, ಒಬ್ಬನೇ ಹಾಕುತ್ತಿದ್ದೇನೆ.

ದುಃಖತಪ್ತ,
ಚಿರಂತನ್