ರೂಟರಿನ ಮೇಲೆ ಬೋರಲು ಪಾತ್ರೆ

ಮಾವ,

ನಿನ್ನೆ ನನ್ನ ಸಂದರ್ಶನ ನಡುವೆಯೇ ನಿಂತದ್ದು ಯಾಕೆಂದು ಈಗ ತಿಳಿಯಿತು. ಧೂಳು ಕೂರುತ್ತದೆಂದು ನೀವು ರೂಟರಿನ ಮೇಲೆ ಸ್ಟೀಲ್ ಪಾತ್ರೆ ಬೋರಲು ಹಾಕಿದ್ದಿರಿ. ಸಿಗ್ನಲ್ ಪಾತ್ರೆಯೊಳಗೇ ಉಳಿಯಿತು. ಹಿತ್ತಲ ಕೋಣೆಯಲ್ಲಿದ್ದ ನಾನು ಬಾಯಿ ತೆರೆದು, ಅರೆಗಣ್ಣು ಮಾಡಿಕೊಂಡು ಸಂದರ್ಶನ ಮಾಡುತ್ತಿದ್ದವರ ಪರದೆಯ ಮೇಲೆ ಬೊಂಬೆಯಾದೆ. "ಏನ್ ಮೇಡಂ, ನಿದ್ದೆ ಬಂದ್ಬಿಡ್ತಾ?" ಅಂತ ಆಮೇಲೆ ಫೋನಿನಲ್ಲಿ ಕೇಳಿದರು.

ಪಾಪ, ಇವತ್ತು ಇನ್ನೊಮ್ಮೆ ಕರೆದಿದ್ದಾರೆ. ಈಗಲೂ ನೆಟ್ ಕೈಕೊಟ್ಟರೆ ಕೆಲಸ ಸಿಕ್ಕ ಹಾಗೇ. ಪಾತ್ರೆ ತೆಗೆದಿಟ್ಟು ಹಿತ್ತಲಿಗೆ ಹೋಗುತ್ತಿದ್ದೇನೆ. ನಾನು ಬರುವವರೆಗೆ ರೂಟರಿಗೆ ಏನನ್ನೂ ಮುಚ್ಚಬೇಡಿ, ತಟ್ಟೆಯನ್ನೂ ಸಹ.

ಮನಸ್ಸು ತಡೆಯದಿದ್ದರೆ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕಾವಲು ಕೂರಿ. ಮುಟ್ಟಿದರೆ ಬಿಸಿಯಿರುತ್ತದೆ. ಅದು ಜ್ವರವಲ್ಲ, ಒದ್ದೆ ಬಟ್ಟೆ ಹಾಕಬೇಡಿ.

— ನಿಮ್ಮ ಸೊಸೆ