ಅಪ್ಪನಿಗೆ ಕುರ್ಚಿ ಬೇಡ

ದೊಡ್ಡಪ್ಪನಿಗೆ ಲುದಿವಿನಾ ಮಾಡುವ ನಮಸ್ಕಾರ.

ಅಪ್ಪ ಇವತ್ತು ಬೆಳಿಗ್ಗೆ ಬಾಗಿಯೋ ನಗರದ ಆಸ್ಪತ್ರೆಯಲ್ಲಿ ತೀರಿಕೊಂಡರು. ನಾಳೆ ಊರಿಗೆ ಕರೆತರುತ್ತೇವೆ. ಈ ಕಾಗದ ಮೊದಲೇ ಮುಟ್ಟಲೆಂದು ಬಸ್ಸಿನವರ ಕೈಲಿ ಕಳಿಸಿದ್ದೇನೆ.

ಅಪ್ಪ ಮಲಗೇ ಇರುವುದನ್ನು ಕಂಡು ನೀವು, "ಏಳೋ ಕಿವಾಸ್, ಬಿದ್ಕೊಂಡೇ ಬೇರು ಬಿಡ್ತೀಯಾ?" ಎಂದು ರೇಗಿಸುತ್ತಿದ್ದಿರಿ. ಉಸಿರಾಟ ಸಲೀಸಾಗಲೆಂದು ನಾವೂ ದಿಂಬು ಕೊಟ್ಟು ಕೂರಿಸುತ್ತಿದ್ದೆವು. ಲಿವರ್ ಕೆಟ್ಟು ಶ್ವಾಸಕೋಶದ ರಕ್ತನಾಳಗಳು ಹಿಗ್ಗಿದ್ದವಂತೆ. "ಕೂತ್ರೆ ಉಸಿರು ಸಾಲಲ್ಲ, ಮಲಗಿದ್ರೇನೇ ಹಾಯಾಗಿರ್ತಾರಮ್ಮ" ಅಂದರು ಡಾಕ್ಟರು. ಬೇರೆ ಲಿವರ್ ಹಾಕುವುದೊಂದೇ ಮದ್ದು. ಅದು ಸಿಗುವ ತನಕ ಅಪ್ಪ ಉಳಿಯಲಿಲ್ಲ.

ನಮ್ಮಲ್ಲಿ ಸತ್ತವರನ್ನು ಅಂತ್ಯಕ್ರಿಯೆಯ ತನಕ ಕುರ್ಚಿಯಲ್ಲಿ ಕೂರಿಸಿಟ್ಟು ಕಾಯುವುದು ಪದ್ಧತಿ. ಸುದ್ದಿ ತಿಳಿದೊಡನೆ ನೀವು ಕುರ್ಚಿಗೆ ಪೈನ್ ಹಲಗೆ ಹುಡುಕಲು ಹೊರಡುತ್ತೀರಿ, ನನಗೆ ಗೊತ್ತು. ಹಿರಿಯರು ಏನೇ ಅನ್ನಲಿ, ಅಪ್ಪನನ್ನು ಕೂರಿಸಬೇಡಿ. ಚಾಪೆ ಹಾಸಿಡಿ. ದಿಂಬೂ ಬೇಡ.

ನಿಮ್ಮ ತಮ್ಮನ ಮಗಳು,
ಲುದಿವಿನಾ