ಹದಿನೈದು ಸೆಕೆಂಡಿನ ಟೀ

ಬ್ಯಾಲಿನ್‌ಕೊಲಿಗ್,
ಭಾನುವಾರ ಬೆಳಿಗ್ಗೆ

ನನ್ನ ಶರ್ವಾಣಿಗೆ,

ಬರೆಯಲು ಕೂರುತ್ತಿರುವುದು ಇದು ನಾಲ್ಕನೇ ಸಲ. ಎದ್ದು ಕೆಟಲ್ ಹಾಕಿದೆ, ನೀರು ಕುದಿದು ಆರಿಯೂ ಹೋಯಿತು. ಕಸದ ಬಿನ್ ಎಳೆದುಕೊಂಡು ಹೋಗಿ ಗೇಟಿನ ಹೊರಗೆ ಇಟ್ಟು ಬಂದೆ. ಬಿನ್ ಲಾರಿ ಬರಲು ಇನ್ನೂ ಮೂರು ದಿನವಿದೆ. ದಿಲೀಪ್ ನೋಡುವಷ್ಟು ನೋಡಿ, "ಏನೇ ಇದು, ಕಾಲಿಗೆ ಚಕ್ರ ಕಟ್ಕೊಂಡಿದ್ಯಾ? ಒಂದ್ ಕಡೆ ಕೂತ್ಕೋಬಾರ್ದಾ?" ಎಂದು ರೇಗಿ, ಮಗಳು ಮಾನ್ಯಾಳನ್ನು ಕರೆದುಕೊಂಡು ಈಜಿಗೆ ಹೋದ. ಅವರು ಬರುವುದರೊಳಗೆ ಬರೆಯದಿದ್ದರೆ ನಾನು ಬರೆಯುವವಳೇ ಅಲ್ಲ.

ಮೊದಲು ನಿನ್ನ ಪ್ರಶ್ನೆಗೆ ಉತ್ತರ. ಮಂಗಳವಾರ ಮೈಸೂರಿನಲ್ಲಿ ನಿನ್ನ ಅಮ್ಮನಿಗೆ ಹಾರ್ಟ್ ಆಪರೇಷನ್. ಡಬ್ಲಿನ್‌ನ ನಿನ್ನ ಟೀಮ್ ಲೀಡ್ ಮುಂದಿನ ವಾರ ಸಾಫ್ಟ್‌ವೇರ್ ಶುರುವಾಗುವ ಗೋ-ಲೈವ್ ಮುಗಿಸಿಕೊಂಡೇ ಹೋಗು ಅನ್ನುತ್ತಾನೆ. ನಿನ್ನೆ ಸಂಜೆ ನಿನ್ನ ಕ್ಲಾಂಡಾಲ್ಕಿನ್ ಮನೆಯಿಂದ ಫೋನ್ ಮಾಡಿ, "ನಾಗು, ನೀನ್ ಹೇಳ್ದಂಗೆ ಮಾಡ್ತೀನಿ ಕಣೇ. ಅವತ್ತು ಒಸಾಕಾದಲ್ಲಿ ನನ್ ರಜೆಗೋಸ್ಕರ ಬೆಂಗಳೂರ್ ಆಫೀಸಿನವ್ರ ಹತ್ರ ಜಗಳ ಆಡಿದವಳು ನೀನೊಬ್ಳೇ ಅಲ್ವಾ" ಅಂದೆಯಲ್ಲ, ಅದಕ್ಕೆ ನಾನು "ಬೆಳಿಗ್ಗೆ ಹೇಳ್ತೀನಿ" ಎಂದು ಫೋನ್ ಇಟ್ಟುಬಿಟ್ಟೆ. ಥೂ, ಹೋಗು ಅನ್ನುವುದಕ್ಕೆ ಒಂದು ರಾತ್ರಿ ಬೇಕೇ? ಈಗ ತಾನೇ "ಇವತ್ತೇ ಹೊರಡು" ಎಂದು ಮೆಸೇಜ್ ಹಾಕಿದ್ದೇನೆ. ಈ ಹಾಳೆಗಳ ಫೋಟೋ ಆಮೇಲೆ ಕಳಿಸುತ್ತೇನೆ. ಟಿಕೆಟ್ ಬುಕ್ ಮಾಡಿದ ಮೇಲೆ ಓದು.

ನಿನ್ನೆ ಮಧ್ಯಾಹ್ನ, ನಿನ್ನ ಫೋನ್ ಬರುವುದಕ್ಕೆ ಮೊದಲು, ಮಾನ್ಯಾ ಸೋಫಾದಲ್ಲಿ ಬಿದ್ದುಕೊಂಡು ಫೋನಿನಲ್ಲಿ ಏನೋ ನೋಡಿ ನಗುತ್ತಿದ್ದಳು. "ಮ್ಯಾಮ್, ಕಮ್ ಹಿಯರ್, ದೀಸ್ ಆರ್ ಗ್ಯಾಸ್!" ಅಷ್ಟು ತಮಾಷೆ ಏನೆಂದು ಹೋಗಿ ನೋಡಿದರೆ ಜಪಾನಿನ ಹಳೆಯ ಜಾಹೀರಾತುಗಳು! ನಮ್ಮವೇ ಕಣೇ, ಹದಿಮೂರು ವರ್ಷದ ಹಿಂದೆ ನಾವಿಬ್ಬರೂ ಒಸಾಕಾದ ಆ ಬೆಂಕಿಪೊಟ್ಟಣದಂಥ ರೂಮಿನಲ್ಲಿ ನೋಡುತ್ತಿದ್ದಂಥವು. ಇಡೀ ಶಾಲೆಯ ಮಕ್ಕಳು ಕಾರಿಡಾರಿನಲ್ಲಿ ಕುಣಿದು ಸೋಡಾ ಚಿಮ್ಮಿಸುವುದು. ಅಜ್ಜಿ ಜಗಲಿಯಲ್ಲಿ ಕೂತು ಬಾರ್ಲಿ ಟೀ ಕುಡಿದು ಹಾಆ ಎಂದು ಉಸಿರು ಬಿಡುವುದು. ನೆನಪಿದೆಯಾ, ಭಾಷೆ ಬಾರದ ನಾವು ಧಾರಾವಾಹಿ ಬಿಟ್ಟು ಜಾಹೀರಾತಿಗೆ ಕಾಯುತ್ತಿದ್ದೆವು. ಬಾಟಲಿ ಕಾಣುವ ಮೊದಲೇ ಯಾವ ಡ್ರಿಂಕ್ ಎಂದು ಹೇಳಬೇಕು, ಸೋತವರು ಪಾತ್ರೆ ತೊಳೆಯಬೇಕು. ಆಕಾಶ ತೋರಿಸಿದರೆ ಸೋಡಾ, ಅಜ್ಜಿ ಬಂದರೆ ಬಾರ್ಲಿ ಟೀ, ಯಾರೂ ಮಾತಾಡದಿದ್ದರೆ ಗ್ರೀನ್ ಟೀ. ಕೆಳಗಿನ, ಕಾಸು ಹಾಕುವ ಮೆಷಿನ್ನಿನಿಂದ ಒಂದು ಬಾಟಲಿ ತಂದು, "ಇದು ಟೀ ಅಲ್ಲ ಕಣೇ, ಜ್ವರದ ಕಷಾಯ" ಎಂದು ಅದಕ್ಕೆ ನೀನು ಸಕ್ಕರೆ ಸುರಿದಿದ್ದೆ.

ಆಮೇಲೆ ಅದು ಬಂತು, ಅಪ್ಪನ ಜಾಹೀರಾತು. ಒಸಾಕಾದಲ್ಲಿ ನಾವು ನೋಡಿದ್ದು ಇಷ್ಟು: ಹಳ್ಳಿಯ ಸಣ್ಣ ಸ್ಟೇಷನ್, ಎರಡು ಬಾಟಲಿ ಟೀ ಹಿಡಿದು ಮಗಳಿಗೆ ಕಾಯುತ್ತಾ ನಿಂತ ಅಪ್ಪ. ರೈಲು ಬರುತ್ತದೆ, ಯಾರೂ ಇಳಿಯುವುದಿಲ್ಲ. ಅಪ್ಪ ಒಂದು ಬಾಟಲಿ ತೆರೆದು ಕುಡಿಯುತ್ತಾನೆ. ಮುಗಿಯಿತು.

ಅದನ್ನು ಅಲ್ಲಿ ನೋಡಿದ ವಾರವೇ ನಿನ್ನ ಅಣ್ಣ ಫೋನ್ ಮಾಡಿ, ಅಪ್ಪನನ್ನು ಆಸ್ಪತ್ರೆಗೆ ಸೇರಿಸಿದ್ದೇವೆ, ಗಾಬರಿ ಬೇಡ, ಆದರೆ ಬರುವುದಾದರೆ ಬಾ ಅಂದಿದ್ದ. ನೀನು ಆ ಜಾಹೀರಾತು ನೋಡಿ ಗೊಳೋ ಎಂದು ಅತ್ತೆ. ಆಗ ನಾನು ನಿನ್ನ ಟೀಮ್ ಲೀಡ್, ಶುಕ್ರವಾರ ನಮ್ಮ ಸಾಫ್ಟ್‌ವೇರ್ ರಿಲೀಸ್. "ಟೀ ಮಾರೋಕೆ ಮಾಡಿರೋದನ್ನ ನೋಡಿ ರಜೆ ಕೇಳ್ತಾರೇನೇ? ನೋಡು, ಮಗಳು ಬರ್ದೇ ಇದ್ರೂ ಆಯಪ್ಪ ಆರಾಮಾಗಿ ಕುಡ್ಕೊಂಡು ಹೋಗ್ತಾನೆ" ಎಂದು ನಗಾಡಿದೆ. ನೀನೂ ಕಣ್ಣು ಒರೆಸಿಕೊಂಡು ನಕ್ಕೆ.

ನಿನ್ನೆ ಮಾನ್ಯಾಳ ಫೋನಿನಲ್ಲಿ ಬಂದದ್ದು ಪೂರ್ತಿ ಜಾಹೀರಾತು, ಒಂದು ನಿಮಿಷದ್ದು. ಅಲ್ಲಿನವರು ದೊಡ್ಡದಾಗಿ ತೆಗೆದು ದಿನವೂ ಹದಿನೈದು ಸೆಕೆಂಡಿನ ತುಂಡನ್ನಷ್ಟೇ ಹಾಕುತ್ತಿದ್ದರಲ್ಲ, ನಾವು ನೋಡಿದ್ದು ಆ ತುಂಡು. ಪೂರ್ತಿಯದರಲ್ಲಿ ಆ ಅಪ್ಪ ಮನೆಗೆ ಹೋಗುವುದಿಲ್ಲ ಶರ್ವಾಣಿ. ಅಲ್ಲೇ ಬೆಂಚಿನ ಮೇಲೆ ಕೂರುತ್ತಾನೆ. ಮುಂದಿನ ರೈಲಿಗೆ ಮಗಳು ಇಳಿಯುತ್ತಾಳೆ. ಇನ್ನೊಂದು ಬಾಟಲಿಯನ್ನು ಅಂಗಿಯಲ್ಲಿ ಒರೆಸಿ ಕೊಡುತ್ತಾನೆ. ನಾನು ಬಾತ್‌ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡೆ. ಹೊರಗಿನಿಂದ ಮಾನ್ಯಾ, "ಮ್ಯಾಮ್, ಆರ್ ಯು ಓಕೆ?" ಎಂದಳು. "ಗ್ರ್ಯಾಂಡ್ ಪುಟ್ಟಾ, ಏನಿಲ್ಲ" ಅಂದೆ.

ಹದಿಮೂರು ವರ್ಷದಿಂದ ನಾನು ನಿನಗೆ ತೋರಿಸಿಕೊಂಡು ಬಂದಿರುವುದೂ ಒಂದು ತುಂಡನ್ನೇ. ಪೂರ್ತಿ ಇದು: ನೀನು ಹಾಕಿದ್ದ ರಜೆ ಆ ಮಂಗಳವಾರವೇ ಮಂಜೂರಾಗಿತ್ತು. ಬೆಂಗಳೂರಿನಿಂದ ಮೇಲ್ ಬಂದಿದ್ದು ನನಗೆ, ನಾನು ನಿನಗೆ ಹೇಳಬೇಕಿತ್ತು. ಹೇಳಿದರೆ ನೀನು ಅಂದೇ ಹೊರಡುತ್ತಿದ್ದೆ, ರಿಲೀಸ್ ನನ್ನ ತಲೆಯ ಮೇಲೆ ಬೀಳುತ್ತಿತ್ತು. ಮೂರು ದಿನ ತಾನೇ, ಅಣ್ಣನೂ ಗಾಬರಿ ಬೇಡ ಅಂದಿದ್ದಾನೆ, ಶುಕ್ರವಾರ ಸಂಜೆ ಹೇಳಿ ವಿಮಾನ ಹತ್ತಿಸಿದರಾಯಿತು ಅಂದುಕೊಂಡೆ. ಮೀಟಿಂಗ್ ರೂಮಿನ ಗಾಜಿನಾಚೆಯಿಂದ ನೀನು ನೋಡಿದ ಫೋನ್ ಜಗಳ ನಿನ್ನ ರಜೆಗಲ್ಲ. ನಿನ್ನ ಬದಲಿಗೆ ಆಳು ಕೊಡಿ ಎಂದು ಕೂಗಾಡುತ್ತಿದ್ದೆ. ಕೊಡಲಿಲ್ಲ, ನಾನೂ ಹೇಳಲಿಲ್ಲ. ಗುರುವಾರ ನಿನ್ನ ಅಪ್ಪ ಹೋದರು. ನೀನು ಕಂಪನಿಗೆ ಶಾಪ ಹಾಕುತ್ತಾ ನನ್ನ ಹೆಗಲ ಮೇಲೆ ಅತ್ತೆ. ನಾನು ಬೆನ್ನು ಸವರಿದೆ. ಆ ಕೈ ಈಗಲೂ ಇಲ್ಲಿದೆ, ಇದೇ ಕೈಯಲ್ಲಿ ಬರೆಯುತ್ತಿದ್ದೇನೆ.

ತಾಳು, ಇಲ್ಲಿಗೂ ಮುಗಿಯಲಿಲ್ಲ. ಮಧ್ಯದಲ್ಲಿ ಎದ್ದು ಹಿತ್ತಿಲಿಗೆ ಹೋಗಿ ಬಂದೆ. ಇದೊಂದನ್ನು ನುಂಗಿಕೊಂಡರೆ ಮೇಲಿನದೆಲ್ಲ ಬರೆದೂ ದಂಡ.

ಕ್ಲಯೆಂಟ್ ಆಫೀಸಿನಲ್ಲಿ ನಿಮ್ಮೆಲ್ಲರ ಫೋನ್ ಲಾಕರಿನಲ್ಲಿ ಇಡಬೇಕಿತ್ತು, ನನ್ನೊಬ್ಬಳ ಬಳಿ ಮಾತ್ರ ಇರುತ್ತಿತ್ತು. ತುರ್ತಿಗೆಂದು ಮನೆಗೆ ನೀನು ಕೊಟ್ಟಿದ್ದು ನನ್ನ ನಂಬರನ್ನೇ. ಬುಧವಾರ ಮಧ್ಯಾಹ್ನ ಫೋನ್ ಬಂತು. "ನಾನು ಚಾಮರಾಜ, ಶರ್ವಾಣಿ ತಂದೆ. ನಮ್ ಮಗು ಬರ್ತಾಳೇನಮ್ಮಾ?" ಉಸಿರು ಎಳೆದುಕೊಂಡು ಮಾತಾಡುತ್ತಿದ್ದರು. ನೀನು ನನ್ನಿಂದ ಮೂರು ಮೇಜು ಆಚೆ ಕೂತಿದ್ದೆ. ಕರೆಯಲಿಲ್ಲ. "ಬರ್ತಾಳೆ ಅಪ್ಪಾಜಿ, ಶನಿವಾರ ನಿಮ್ ಹತ್ರ ಇರ್ತಾಳೆ" ಅಂದೆ.

ಪ್ರತಿ ವರ್ಷ ತಿಥಿಯ ದಿನ ಫೋನ್ ಮಾಡಿ, "ಅಪ್ಪ ನನ್ ಮೇಲೆ ಕೋಪ ಮಾಡ್ಕೊಂಡೇ ಹೋದ್ರು ಕಣೇ" ಎಂದು ನೀನು ಅಳುವಾಗೆಲ್ಲ ಇದೊಂದನ್ನು ಬಿಟ್ಟು ಬೇರೆಲ್ಲ ಹೇಳಿ ಸಮಾಧಾನ ಮಾಡುತ್ತಿದ್ದೆ. ಹೇಳಿದರೆ ಉಳಿದದ್ದೆಲ್ಲ ಹೊರಬೀಳುತ್ತಿತ್ತು. ನನ್ನ ಮಾನ ಉಳಿಸಿಕೊಳ್ಳಲು ಹದಿಮೂರು ವರ್ಷ ನಿನ್ನನ್ನು ಅಳಿಸಿದೆ.

ಕ್ಷಮಿಸು ಎಂದು ಕೇಳುವುದಿಲ್ಲ, ಕೇಳಿದರೆ ಅದಕ್ಕೂ ನೀನೇ ಉತ್ತರ ಕೊಡಬೇಕು. ನನಗೆ ಫೋನ್ ಮಾಡಬೇಡ, ಅಮ್ಮನ ಹತ್ತಿರ ಹೋಗು. ಅವರು ಕಣ್ಣು ಬಿಟ್ಟಾಗ ಮೊದಲು ಕಾಣುವ ಮುಖ ನಿನ್ನದಾಗಲಿ, ಅವರು ಗಟ್ಟಿಯಾಗಿ ಎದ್ದು ಓಡಾಡಲಿ.

ನಿನ್ನದನ್ನು ನಿನಗೆ ಕೊಟ್ಟುಬಿಡುತ್ತೇನೆ. ಶನಿವಾರ ಅಂದಾಗ ನಿನ್ನ ಅಪ್ಪ ಅಂದದ್ದು ಇಷ್ಟು: "ಸರಿ ಬಿಡಮ್ಮ, ಕೆಲ್ಸ ಮುಗಿಸ್ಕೊಂಡೇ ಬರ್ಲಿ. ನಾನು ಕಾಯ್ತೀನಿ, ಬೇಜಾರಿಲ್ಲ ಅಂತ ಹೇಳು ಅವಳಿಗೆ."

ಹೇಳಿದ್ದೇನೆ.

ನಾಗಮಣಿ